ಒಂದೇ ಮೊಟ್ಟೆ, ಹಲವು ರುಚಿ

ಮೊಟ್ಟೆ ಎಲ್ಲರ ಮನೆಯಲ್ಲೂ ಒಂದೇ. ಆದರೆ ಅದನ್ನು ಹೇಗೆ ಬೇಯಿಸಬೇಕು ಎಂಬ ವಿಷಯ ಬಂದಾಗ ಒಂದೇ ಮನೆಯಲ್ಲಿ ಐದು ಅಭಿಪ್ರಾಯಗಳಿರುತ್ತವೆ. ನಮ್ಮ ಮನೆಯಲ್ಲಿ ಅಬ್ಬನಿಗೆ ಈರುಳ್ಳಿ, ಹಸಿಮೆಣಸು ಹಾಕಿದ, ಅಂಚು ಕೆಂಪಗಾದ ಆಮ್ಲೆಟ್ ಬೇಕು. ಉಮ್ಮನಿಗೆ ಬುರ್ಜಿ. ಅಣ್ಣನಿಗೆ ಹಳದಿ ಹರಿಯುವಂತಿರುವ ಬುಲ್ಸ್ ಐ. ತಂಗಿ ಬಿಳಿ ಭಾಗ ಮಾತ್ರ ತಿಂದು ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾಳೆ. ನನಗೆ ಗಟ್ಟಿಯಾಗಿ ಬೆಂದ ಮೊಟ್ಟೆಯೇ ಇಷ್ಟ. ಇದೆಲ್ಲ ಬರೀ ಹಟವೇ, ಅಥವಾ ಮೊಟ್ಟೆಯೊಳಗೆ ನಿಜವಾಗಿಯೂ ಏನಾದರೂ ಬೇರೆ ಬೇರೆ ನಡೆಯುತ್ತದೆಯೇ? ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯಾಗಿ ನನಗೆ ಈ ಕುತೂಹಲ ಬಹಳ ದಿನದಿಂದ ಇತ್ತು.

ಮೊದಲು ಮೊಟ್ಟೆ ಗಟ್ಟಿಯಾಗುವುದು ಏಕೆ ಎಂದು ನೋಡೋಣ. ಬೆಣ್ಣೆ, ಮೇಣ ಬಿಸಿಯಾದರೆ ಕರಗುತ್ತವೆ. ಮೊಟ್ಟೆ ಮಾತ್ರ ಬಿಸಿಯಾದಷ್ಟೂ ಗಟ್ಟಿಯಾಗುತ್ತದೆ. ಇದಕ್ಕೆ ಕಾರಣ ಅದರಲ್ಲಿರುವ ಪ್ರೋಟೀನ್. ಹಸಿ ಮೊಟ್ಟೆಯಲ್ಲಿ ಪ್ರೋಟೀನ್ ಅಣುಗಳು ನೂಲಿನ ಉಂಡೆಗಳ ಹಾಗೆ ಸುತ್ತಿಕೊಂಡು ನೀರಿನಲ್ಲಿ ತೇಲುತ್ತಿರುತ್ತವೆ. ಶಾಖ ತಾಗಿದಾಗ ಉಂಡೆಗಳು ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದು ಬಲೆಯಾಗುತ್ತವೆ. ಆ ಬಲೆಯಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಬಲೆ ಸಡಿಲವಾಗಿದ್ದರೆ ಮೊಟ್ಟೆ ಮೆತ್ತಗೆ. ಶಾಖ ಹೆಚ್ಚಾಗಿ ಬಲೆ ಬಿಗಿದರೆ ನೀರು ಹೊರಗೆ ಹಿಂಡಿಹೋಗಿ ಮೊಟ್ಟೆ ರಬ್ಬರಿನಂತಾಗುತ್ತದೆ. ಹೆಚ್ಚು ಹೊತ್ತು ಒಲೆಯ ಮೇಲಿದ್ದ ಬುರ್ಜಿಯಲ್ಲಿ ನೀರು ಬಿಡುವುದು ಇದೇ ಕಾರಣಕ್ಕೆ.

ಬಿಳಿ ಭಾಗ ಮತ್ತು ಹಳದಿ ಭಾಗ ಬೇರೆ ಬೇರೆ ಶಾಖದಲ್ಲಿ ಗಟ್ಟಿಯಾಗುತ್ತವೆ. ಬಿಳಿ ಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಪ್ಪವಾಗಲು ತೊಡಗುತ್ತದೆ. ಆದರೆ ಅದರ ಮುಖ್ಯ ಪ್ರೋಟೀನ್ ಆದ ಓವಾಲ್ಬುಮಿನ್ ಪೂರ್ತಿ ಬಿಗಿಯಲು 80 ಡಿಗ್ರಿ ಬೇಕು. ಹಳದಿ ಭಾಗ 65ರಲ್ಲಿ ದಪ್ಪವಾಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಹಾಗಾದರೆ ಹಳದಿಯೇ ಮೊದಲು ಬೇಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ಶಾಖ ಹೊರಗಿನಿಂದ ಒಳಗೆ ನಿಧಾನವಾಗಿ ಹೋಗುವುದರಿಂದ ಬಿಳಿ ಭಾಗ ಮೊದಲು ಬಿಸಿಯಾಗುತ್ತದೆ. ಅರೆಬೆಂದ ಮೊಟ್ಟೆಯ ಗುಟ್ಟು ಇಷ್ಟೇ.

ಆದ್ದರಿಂದ ಬೇಯಿಸಿದ ಮೊಟ್ಟೆಯ ರುಚಿಯನ್ನು ನಿರ್ಧರಿಸುವುದು ಗಡಿಯಾರ. ಕುದಿಯುವ ನೀರಿಗೆ ಮೊಟ್ಟೆ ಇಳಿಸಿ 6 ನಿಮಿಷ ಬಿಟ್ಟರೆ ಹಳದಿ ಹರಿಯುತ್ತದೆ. 8 ನಿಮಿಷಕ್ಕೆ ಜಾಮಿನಂತೆ ಇರುತ್ತದೆ. 10ರಿಂದ 12 ನಿಮಿಷಕ್ಕೆ ಪೂರ್ತಿ ಗಟ್ಟಿ. ಊರು ಎತ್ತರದಲ್ಲಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಇನ್ನೂ ಹೆಚ್ಚು ಬೇಯಿಸಿದರೆ ಹಳದಿಯ ಸುತ್ತ ಹಸಿರು ಬಣ್ಣದ ಉಂಗುರ ಮೂಡುತ್ತದೆ. ಮೊಟ್ಟೆ ಕೆಟ್ಟಿದೆ ಎಂದು ಕೆಲವರು ಅದನ್ನು ಎಸೆಯುವುದುಂಟು. ಬಿಳಿ ಭಾಗದ ಗಂಧಕ ಮತ್ತು ಹಳದಿಯ ಕಬ್ಬಿಣ ಸೇರಿ ಉಂಟಾದ ಬಣ್ಣ ಅದು. ತಿಂದರೆ ತೊಂದರೆಯಿಲ್ಲ. ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಉಂಗುರ ಬರುವುದು ಕಡಿಮೆ, ಸಿಪ್ಪೆ ಸುಲಿಯುವುದೂ ಸುಲಭ.

ಅಬ್ಬನ ಆಮ್ಲೆಟ್‌ನ ಕೆಂಪಂಚಿಗೆ ಬೇರೆ ಕಾರಣವಿದೆ. ನೀರು 100 ಡಿಗ್ರಿ ದಾಟುವುದಿಲ್ಲ, ಎಣ್ಣೆ ದಾಟುತ್ತದೆ. ಆ ಹೆಚ್ಚಿನ ಶಾಖದಲ್ಲಿ ಪ್ರೋಟೀನ್ ಮತ್ತು ಸಕ್ಕರೆಯ ಅಂಶ ಕೂಡಿ ಕಂದು ಬಣ್ಣ, ಹೊಸ ಪರಿಮಳ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಮೈಲಾರ್ಡ್ ಕ್ರಿಯೆ ಎನ್ನುತ್ತಾರೆ. ದೋಸೆಯ ಹೊಂಬಣ್ಣವೂ ಇದರದ್ದೇ ಕೆಲಸ.

ಇನ್ನು ಜಿಮ್‌ಗೆ ಹೋಗುವ ಕೆಲವು ಗೆಳೆಯರು ಹಸಿ ಮೊಟ್ಟೆ ಕುಡಿಯುತ್ತಾರೆ. ಶಕ್ತಿ ಹೆಚ್ಚು ಎಂಬುದು ಅವರ ನಂಬಿಕೆ. ವಾಸ್ತವ ಇದಕ್ಕೆ ವಿರುದ್ಧ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದಾಗ ಅದರಲ್ಲಿ ಸುಮಾರು ಶೇ. 90ರಷ್ಟು ದೇಹಕ್ಕೆ ಸಿಗುತ್ತದೆ, ಹಸಿಯಾಗಿ ಕುಡಿದರೆ ಅರ್ಧದಷ್ಟು ಮಾತ್ರ. ಅಲ್ಲದೆ ಹಸಿ ಬಿಳಿ ಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಎಂಬ ಜೀವಸತ್ವವನ್ನು ದೇಹಕ್ಕೆ ಸೇರದಂತೆ ತಡೆಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಕೆಲವು ಮೊಟ್ಟೆಗಳಲ್ಲಿ ಇದು ಇರಬಹುದು. ನೋಡಿ ಗುರುತಿಸಲು ಆಗುವುದಿಲ್ಲ. ಸುಮಾರು 71 ಡಿಗ್ರಿ ಶಾಖದಲ್ಲಿ ಇದು ತಕ್ಷಣ ಸಾಯುತ್ತದೆ. ಹಳದಿ ಗಟ್ಟಿಯಾಗುವುದೂ ಹೆಚ್ಚುಕಡಿಮೆ ಅದೇ ಶಾಖದಲ್ಲಿ. ಹಳದಿ ಗಟ್ಟಿಯಾಗಿದ್ದರೆ ಮೊಟ್ಟೆ ಸಾಕಷ್ಟು ಬೆಂದಿದೆ ಎಂದು ತಿಳಿಯಬಹುದು. ಗಟ್ಟಿಮುಟ್ಟಾದವರಿಗೆ ಈ ಸೋಂಕು ತಗುಲಿದರೆ ಕೆಲವು ದಿನ ಜ್ವರ, ಭೇದಿ. ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ ಅದು ಅಪಾಯಕಾರಿ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅಜ್ಜಿಯ ವಿಷಯದಲ್ಲಿ. ಹಲ್ಲಿಲ್ಲದ ಅವರಿಗೆ ಗಟ್ಟಿ ಮೊಟ್ಟೆ ಅಗಿಯಲು ಆಗದು. ಅವರಿಗೆ ಇಷ್ಟವಾದ ಅರೆಬೆಂದ ಮೊಟ್ಟೆ ಕೊಡಲು ಉಮ್ಮನಿಗೆ ಭಯ. ಜ್ವರದಿಂದ ಎದ್ದ ಮೇಲೆ ಅಜ್ಜಿಯ ಊಟ ಬಹಳ ಕಡಿಮೆಯಾಗಿತ್ತು, ಮೊಟ್ಟೆಯನ್ನೂ ಬಿಟ್ಟರೆ ಏನು ಗತಿ ಎಂದು ಎಲ್ಲರಿಗೂ ಚಿಂತೆ. ಪರಿಹಾರ ಸಿಕ್ಕಿದ್ದು ಇಡ್ಲಿ ಪಾತ್ರೆಯಲ್ಲಿ. ಒಂದು ಮೊಟ್ಟೆಗೆ ಅರ್ಧ ಲೋಟ ಹಾಲು, ಚಿಟಿಕೆ ಉಪ್ಪು ಹಾಕಿ ಕದಡಿ, ಬಟ್ಟಲಿಗೆ ಸುರಿದು ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಲ್ಲಿ ಬೇಯಿಸುವುದು. ಹಾಲು ಸೇರಿದಾಗ ಪ್ರೋಟೀನ್ ಅಣುಗಳು ದೂರ ದೂರವಾಗಿ ಬಲೆ ಸಡಿಲವಾಗುತ್ತದೆ. ಹೀಗಾಗಿ ಅದು ಗಟ್ಟಿಯಾಗಲು ಸುಮಾರು 80 ಡಿಗ್ರಿ ಬೇಕು. ಅಂದರೆ ನಡುಭಾಗವೂ ಹೆಪ್ಪುಗಟ್ಟುವಷ್ಟು ಬೆಂದಿದ್ದರೆ ಸುರಕ್ಷಿತ. ಬಾಯಿಗಿಟ್ಟರೆ ಮಾತ್ರ ಬೆಣ್ಣೆಯಷ್ಟು ಮೆತ್ತಗೆ. ಈಗ ಅಜ್ಜಿ ದಿನಕ್ಕೊಂದು ಬಟ್ಟಲು ತಿನ್ನುತ್ತಾರೆ. ಉಪ್ಪಿನ ಬದಲು ಸಕ್ಕರೆ ಹಾಕಬೇಕು ಎಂಬುದಷ್ಟೇ ಅವರ ದೂರು!

ಕೆಲವರಿಗೆ ಮೊಟ್ಟೆಯೇ ಬೇಡ. ವಾಸನೆ ಆಗದು, ಅಲರ್ಜಿ ಇದೆ, ಮನೆಯ ಪದ್ಧತಿ ಇಲ್ಲ. ಕಾರಣ ಏನೇ ಇರಲಿ, ಅದೂ ಒಂದು ಆಯ್ಕೆಯೇ. ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡುತ್ತಾರೆ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಇದು ವಾರಕ್ಕೆ ಆರು ದಿನವಾಗಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ. ಒಂದೇ ಸಾಲಿನಲ್ಲಿ ಕುಳಿತು ಒಬ್ಬರು ಮೊಟ್ಟೆ, ಇನ್ನೊಬ್ಬರು ಬಾಳೆಹಣ್ಣು ತಿನ್ನುವುದರಲ್ಲಿ ಯಾರಿಗೂ ನಷ್ಟವಿಲ್ಲ.

ಹಾಸ್ಟೆಲ್‌ನಲ್ಲಿರುವ ಮಿತ್ರರಿಗೆ ಒಂದು ಮಾತು. ಬೆಳಿಗ್ಗೆ ತಿಂಡಿ ಬಿಟ್ಟು ತರಗತಿಗೆ ಓಡಿಬರುವ ಬದಲು ಒಂದು ಮೊಟ್ಟೆ ಬೇಯಿಸಿಕೊಳ್ಳಲು ಹತ್ತು ನಿಮಿಷ ಸಾಕು. ಆಮ್ಲೆಟ್ ಮಾಡಿ, ಬುರ್ಜಿ ಮಾಡಿ, ಅದು ನಿಮ್ಮ ಇಷ್ಟ. ಹಳದಿ ಮಾತ್ರ ಗಟ್ಟಿಯಾಗುವವರೆಗೆ ಕಾಯಿರಿ.