ಟಂಕನದೋಷವಿಚಾರ

ನಾಣ್ಯದಲ್ಲಿ ದೋಷವಿದ್ದರೆ ಅದರ ಬೆಲೆ ಕುಂದುವುದು ಲೋಕರೂಢಿ. ಆದರೆ ನಾಣ್ಯಸಂಗ್ರಾಹಕರಲ್ಲಿ ಕೆಲವು ದೋಷಗಳೇ ಬೆಲೆಯನ್ನು ಹೆಚ್ಚಿಸುವುವು. ಕಾವ್ಯದೋಷಗಳನ್ನು ನಿತ್ಯವೆಂದೂ ಅನಿತ್ಯವೆಂದೂ ವಿಭಾಗಿಸಿ, ಅನಿತ್ಯದೋಷವು ಸಂದರ್ಭವಿಶೇಷದಲ್ಲಿ ದೋಷವೇ ಅಲ್ಲವೆಂದು ಒಪ್ಪಿದ ಆಲಂಕಾರಿಕರ ಮತವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸಲಾರದು. ಯಾವ ದೋಷವು ಬೆಲೆಯುಳ್ಳದ್ದು, ಯಾವುದು ಅಲ್ಲ, ಇದಕ್ಕೆ ಪ್ರಮಾಣವೇನು ಎಂಬುದನ್ನು ನಮ್ಮ ಸೀಮೆಯ ನಾಣ್ಯಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ. ರಾಮನಗರ, ಚನ್ನಪಟ್ಟಣಗಳು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿವೆ. ಮಾಗಡಿ, ಕನಕಪುರಗಳು ಅದರ ಎರಡು ಪಾರ್ಶ್ವಗಳಲ್ಲಿವೆ. ಟಿಪ್ಪುಸುಲ್ತಾನನ ಕಾಲದಲ್ಲಿ ಬೆಂಗಳೂರು, ಶ್ರೀರಂಗಪಟ್ಟಣಗಳೆರಡರಲ್ಲಿಯೂ ಟಂಕಸಾಲೆಗಳಿದ್ದುವು. ಆದುದರಿಂದ ಈ ನಾಲ್ಕು ತಾಲ್ಲೂಕುಗಳು ಇಂತಹ ವಿಚಾರಕ್ಕೆ ಉಚಿತವಾದ ಕ್ಷೇತ್ರವೇ ಸರಿ.

ಮೊದಲು ಮೂರು ಬಗೆಯ ನಾಣ್ಯಗಳನ್ನು ಬೇರ್ಪಡಿಸಿಕೊಳ್ಳಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯವನ್ನು ಅಚ್ಚು ಹಾಕಿಸುವ ಲಕ್ಷಣಾಧ್ಯಕ್ಷನೂ ಅದನ್ನು ಪರೀಕ್ಷಿಸುವ ರೂಪದರ್ಶಕನೂ ಬೇರೆ ಬೇರೆ ಅಧಿಕಾರಿಗಳು. ಮೋಸದಿಂದ ಮಾಡಿದ ನಾಣ್ಯಕ್ಕೆ ಅಲ್ಲಿ ಕೂಟರೂಪವೆಂದು ಹೆಸರು. ಇದು ಮೊದಲನೆಯ ಬಗೆ. ಮಾಗಡಿಯ ಪ್ರಭುಗಳ ಮನೆತನದ ಹಿರಿಯ ಕೆಂಪೇಗೌಡನು ವಿಜಯನಗರದ ಅಪ್ಪಣೆಯಿಲ್ಲದೆ ಬೈರೇದೇವರ ಹೆಸರಿನ ನಾಣ್ಯವನ್ನು ಹೊರಡಿಸಿ, ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನೆಂದು ಐತಿಹ್ಯವುಂಟು. ಅಂತಹ ನಾಣ್ಯವು ಲೋಹದಲ್ಲಿಯೂ ಅಚ್ಚಿನಲ್ಲಿಯೂ ನಿರ್ದುಷ್ಟವಾಗಿರಬಹುದು; ರಾಜಾಜ್ಞೆಯೊಂದೇ ಅದಕ್ಕಿಲ್ಲ. ಇದು ಎರಡನೆಯ ಬಗೆ. ನಮ್ಮ ಪ್ರಕೃತ ವಿಷಯವು ಮೂರನೆಯದು. ಅಪ್ಪಣೆಯುಂಟು, ಲೋಹವೂ ಸರಿಯಾದುದು. ಆದರೆ ಟಂಕಸಾಲೆಯ ಕೈಯೋ ಯಂತ್ರವೋ ತಪ್ಪಿತು, ಆ ತಪ್ಪು ಪರೀಕ್ಷಕನ ಕಣ್ಣನ್ನೂ ತಪ್ಪಿಸಿಕೊಂಡು ಹೊರಬಿದ್ದಿತು. ಎರಡು ಬಾಗಿಲುಗಳನ್ನು ದಾಟಿ ಬಂದ ತಪ್ಪಾದುದರಿಂದಲೇ ಅದು ವಿರಳ.

ಈ ತಪ್ಪು ಮೂರು ಸ್ಥಾನಗಳಲ್ಲಿ ಸಂಭವಿಸುವುದು. ಅಚ್ಚು ಕೊರೆಯುವವನಲ್ಲಿ ಹುಟ್ಟಿದರೆ ಆ ಅಚ್ಚಿನ ನಾಣ್ಯಗಳೆಲ್ಲವೂ ಅದನ್ನು ಹೊರುವುವು. ೧೯೧೧ರ ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಂಡು ಜನರು ಆಕ್ಷೇಪಿಸಲು, ೧೯೧೨ರಲ್ಲಿ ಆ ಚಿತ್ರವನ್ನು ತಿದ್ದಿದರು. ಎರಡನೆಯದು ಬಿಲ್ಲೆಯ ದೋಷ: ಅಂಚು ಕತ್ತರಿಸಿದ ಅಥವಾ ಅನ್ಯ ನಾಣ್ಯಕ್ಕೆ ಸಲ್ಲಬೇಕಾದ ಬಿಲ್ಲೆಯು ಅಚ್ಚಿನ ಕೆಳಗೆ ಬೀಳುವುದು. ಮೂರನೆಯದು ಹೊಡೆತದ ದೋಷ. ಹಿಂದಿನ ನಾಣ್ಯವು ಒಂದು ಅಚ್ಚಿಗೆ ಅಂಟಿಕೊಂಡೇ ಇರುವಾಗ ಮುಂದಿನ ಬಿಲ್ಲೆಯನ್ನು ಹೊಡೆದರೆ, ಅದರ ಒಂದು ಮುಖದಲ್ಲಿ ಚಿತ್ರವು ಉಬ್ಬಿಯೂ ಮತ್ತೊಂದರಲ್ಲಿ ಅದೇ ಚಿತ್ರವು ತಗ್ಗಾಗಿ ಕನ್ನಡಿಯಲ್ಲಿ ಕಂಡಂತೆ ತಿರುಗಿಯೂ ಮೂಡುವುದು. ಇದಕ್ಕೆ ಸಂಗ್ರಾಹಕರು ಬ್ರೊಕೇಜ್ ಎನ್ನುವರು. ಪ್ರಾಚೀನ ರೋಮನ್ ನಾಣ್ಯಗಳಲ್ಲಿಯೂ ಇದು ಕಾಣುವುದು.

ದೋಷವನ್ನು ಆಯಾ ಟಂಕಸಾಲೆಯ ಪದ್ಧತಿಯಿಂದಲೇ ಅಳೆಯಬೇಕೆಂಬುದು ಇಲ್ಲಿ ಮುಖ್ಯವಾದ ಮಾತು. ಸುತ್ತಿಗೆಯಿಂದ ಹೊಡೆದ ಹಳೆಯ ನಾಣ್ಯಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದು, ಬರಹವು ಅಂಚಿನಲ್ಲಿ ತುಂಡಾಗುವುದು ಸಾಧಾರಣ. ಅದಕ್ಕೆ ವಿಶೇಷ ಬೆಲೆಯಿಲ್ಲ. ಅದೇ ಓರೆಯು ಯಂತ್ರದ ನಾಣ್ಯದಲ್ಲಿ ಕಂಡರೆ ಅಪೂರ್ವ. ಇನ್ನು ಕೆಲವು ದೋಷಗಳು ದೋಷಗಳೇ ಅಲ್ಲ. ಟಿಪ್ಪುಸುಲ್ತಾನನು ೧೭೮೭ರ ಸುಮಾರಿನಲ್ಲಿ ಮೌಲೂದಿ ಶಕೆಯನ್ನು ತಂದು, ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ೧೨೧೫ ಎಂಬ ವರ್ಷವು ಎಡದಿಂದ ಓದುವವರಿಗೆ ೫೧೨೧ ಎಂದು ಕಾಣುವುದು. ಇದನ್ನು ಟಂಕನದೋಷವೆಂದು ಮಾರುವವನು ಅಜ್ಞನೋ ವಂಚಕನೋ ಆಗಿರಬೇಕು. ಇಂದಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯಿಡಾಕ್ಕೆ ಚುಕ್ಕೆ ಇರುವುವು. ಕಲ್ಕತ್ತೆಯದಕ್ಕೆ ಚಿಹ್ನೆಯೇ ಇಲ್ಲ. ಚಿಹ್ನೆಯಿಲ್ಲದ್ದೆಲ್ಲ ದೋಷಯುಕ್ತವಲ್ಲ.

ಈ ವಿವೇಕವಿಲ್ಲದಿದ್ದರೆ ಹಾನಿಯು ಎರಡು ಕಡೆಯಿಂದ ಬರುವುದು. ಹತ್ತು ರೂಪಾಯಿಯ ನಾಣ್ಯಗಳ ಚಿತ್ರಭೇದವನ್ನು ಕಂಡು ಜನರು ಅವು ಕೂಟನಾಣ್ಯಗಳೆಂದು ಅಂಗಡಿಗಳಲ್ಲಿ ನಿರಾಕರಿಸತೊಡಗಿದಾಗ, ೧೪ ವಿನ್ಯಾಸಗಳೂ ಸಲ್ಲತಕ್ಕವೆಂದು ರಿಜರ್ವ್ ಬ್ಯಾಂಕು ೨೦೧೮ರಲ್ಲಿ ಪ್ರಕಟಿಸಬೇಕಾಯಿತು. ಮತ್ತೊಂದು ಕಡೆ, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ ಕೊಡುವೆವೆಂದು ಆಸೆ ತೋರಿಸಿ ಮುಂಗಡವಾಗಿ ಶುಲ್ಕವನ್ನು ಕೀಳುವವರುಂಟು. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಶುಲ್ಕ, ತೆರಿಗೆಗಳನ್ನು ಕೇಳುವವರನ್ನು ನಂಬಬಾರದೆಂದು ಅದೇ ಬ್ಯಾಂಕು ೨೦೨೧ರಲ್ಲಿ ಎಚ್ಚರಿಸಿತು. ಒಂದೆಡೆ ಸಲ್ಲುವ ನಾಣ್ಯವು ಸಲ್ಲದಾಯಿತು. ಇನ್ನೊಂದೆಡೆ ಬಡವನ ಗಂಟು ಕರಗಿತು.

ಪರೀಕ್ಷೆಯ ಕ್ರಮವು ಗ್ರಂಥಸಂಪಾದಕರಿಗೆ ಹೊಸದಲ್ಲ. ಓಲೆಯಲ್ಲಿ ಲಿಪಿಕಾರನ ಸ್ಖಲನವನ್ನೂ ಮುಂದೆ ಹುಳು ತಿಂದ ರಂಧ್ರವನ್ನೂ ನಾವು ಬೇರೆಯೆಂದೇ ಎಣಿಸುವೆವು. ಹಾಗೆಯೇ ಟಂಕಸಾಲೆಯೊಳಗಿನ ತಪ್ಪು ಬೇರೆ, ಹೊರಗೆ ಬಂದ ಮೇಲೆ ಉಂಟಾದ ಪೆಟ್ಟು ಬೇರೆ. ಎರಡು ನಾಣ್ಯಗಳನ್ನು ಒತ್ತುಗಟ್ಟಿನಲ್ಲಿ ಬಿಗಿದು ಹುಸಿ ಬ್ರೊಕೇಜ್ ಮಾಡಿದರೆ, ಮೂಲಚಿತ್ರವು ಜಜ್ಜಿ ಅದರ ಶೇಷಗಳು ತಗ್ಗಿನ ಚಿತ್ರದ ಕೆಳಗೆ ಉಳಿದಿರುವುವು. ನಿಜವಾದುದರಲ್ಲಿ ಅಂತಹ ಶೇಷವಿರದು. ಹೀಗೆ ದೋಷವು ಟಂಕಸಾಲೆಯದೆಂಬ ನಿಶ್ಚಯ, ವಿರಳತೆ, ದೋಷದ ಸ್ಫುಟತೆ, ನಾಣ್ಯದ ಸ್ಥಿತಿ ಎಂಬೀ ನಾಲ್ಕೇ ಬೆಲೆಗೆ ಕಾರಣಗಳು. ಮೊದಲನೆಯದಿಲ್ಲದೆ ಉಳಿದ ಮೂರೂ ವ್ಯರ್ಥ.

ವಿದ್ವಾಂಸರಿಗಾದರೋ ಇದರ ಬೆಲೆ ಹಣದಲ್ಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಟಂಕಸಾಲೆಯು ೧೮೩೩ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು ೧೮೪೩ರಲ್ಲಿ ಮುಚ್ಚಿತು. ಅವರ ತಾಮ್ರದ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಎಂಬ ಮೂರು ಲಿಪಿಗಳುಂಟು. ಅಂತಹ ಕಾಸಿನಲ್ಲಿ ಒಂದು ಲಿಪಿಯ ಅಕ್ಷರ ಮಾತ್ರ ತಿರುಗುಮುರುಗಾಗಿದ್ದರೆ, ಅಚ್ಚು ಕೊರೆದವನಿಗೆ ಆ ಲಿಪಿಯ ಪರಿಚಯವೆಷ್ಟಿತ್ತೆಂಬುದಕ್ಕೆ ಅದು ಕುರುಹಾಗುವುದು. ನಿರ್ದುಷ್ಟವಾದ ನಾಣ್ಯವು ದೊರೆಯ ಹೆಸರನ್ನು ಹೇಳುವುದು. ದುಷ್ಟವಾದುದು ಹೆಸರಿಲ್ಲದ ಕೆಲಸಗಾರನ ಕೈಯನ್ನು ತೋರಿಸುವುದು. ಇಂತಹ ಕಾಸುಗಳು ಹಳೆಯ ಮನೆಗಳ ದೇವರಪೆಟ್ಟಿಗೆಗಳಲ್ಲಿ ಇನ್ನೂ ದೊರೆಯಬಹುದು. ಅವುಗಳನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗಬಾರದು. ತಾಮ್ರದ ತೂಕಕ್ಕೆ ಮಾರಲೂ ಬಾರದು. ತೂಕ, ಅಳತೆ, ದೊರೆತ ಸ್ಥಳ ಇವನ್ನು ಬರೆದಿಟ್ಟು, ಕಾಗದದಲ್ಲಿ ಸುತ್ತಿ ಕಾಪಾಡುವಂತೆ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ತಿಳಿಸಿದರೆ ಸಾಕು.