ನೋವಿಲ್ಲದ ಗಾಯವೇ ಅಪಾಯ

ಗಾಯ ನೋಯುತ್ತಿದೆ ಎಂದರೆ ಮನೆಮಂದಿಯೆಲ್ಲ ಗಮನ ಕೊಡುತ್ತಾರೆ. ನೋಯದ ಗಾಯವನ್ನು ಕೇಳುವವರಿಲ್ಲ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಅಂಗಾಲಿನ ಹುಣ್ಣು ನೋಯುತ್ತಿಲ್ಲ ಎಂಬುದೇ ಅಲ್ಲಿ ಹೆದರಬೇಕಾದ ಸಂಗತಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ‘ಸಕ್ಕರೆ ಇದ್ದವರಿಗೆ ಗಾಯ ಬೇಗ ಮಾಯುವುದಿಲ್ಲ’ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಏಕೆ ಮಾಯುವುದಿಲ್ಲ? ಮಾಯುವಂತೆ ಮಾಡಲು ಸಾಧ್ಯವೇ?

ಗಾಯ ಮಾಯುವ ಬಗೆ

ಚರ್ಮ ಕೊಯ್ದೊಡನೆ ದೇಹವು ಮೊದಲು ರಕ್ತವನ್ನು ಹೆಪ್ಪುಗಟ್ಟಿಸಿ ಸೋರಿಕೆ ನಿಲ್ಲಿಸುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಧಾವಿಸಿ ಬಂದು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತೆರವು ಮಾಡುತ್ತವೆ. ಮೂರನೆಯ ಹಂತದಲ್ಲಿ ಹೊಸ ರಕ್ತನಾಳಗಳೂ ಅಂಗಾಂಶವೂ ಬೆಳೆದು ಗುಂಡಿ ತುಂಬುತ್ತದೆ. ಕೊನೆಗೆ ಮುಚ್ಚಿದ ಜಾಗ ನಿಧಾನವಾಗಿ ಗಟ್ಟಿಯಾಗುತ್ತದೆ. ಇದು ಮನೆ ರಿಪೇರಿ ಇದ್ದಂತೆ. ಸಾಮಾನು ಸಾಗಿಸಲು ರಸ್ತೆ ಬೇಕು, ಕೆಲಸಗಾರರು ಬೇಕು, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕೂಗಿ ಹೇಳುವ ಕಾವಲುಗಾರನೂ ಬೇಕು.

ರಕ್ತದಲ್ಲಿ ಗ್ಲೂಕೋಸ್ ಬಹಳ ಕಾಲ ಮಿತಿಮೀರಿದ್ದರೆ ಮೂರೂ ಕೈಕೊಡುತ್ತವೆ. ಕಾಲಿನ ರಕ್ತನಾಳಗಳು ಕಿರಿದಾಗಿ ಗಾಯಕ್ಕೆ ಆಮ್ಲಜನಕ ಸಾಲದೆ ಹೋಗುತ್ತದೆ. ಬಿಳಿ ರಕ್ತಕಣಗಳ ಚುರುಕು ಕುಂದಿ ನಂಜು ಸುಲಭವಾಗಿ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಪಾದದ ನರಗಳು ಕೆಡುತ್ತವೆ. ಮೊದಮೊದಲು ಜೋಮು, ಉರಿ. ಬರಬರುತ್ತಾ ಸ್ಪರ್ಶವೇ ತಿಳಿಯದು. ಜೋಮು ಹಿಡಿಯುವುದು ನಿಂತಾಗ ‘ಈಗ ವಾಸಿಯಾಯಿತು’ ಎಂದು ಸಮಾಧಾನಪಡುವವರೂ ಇದ್ದಾರೆ. ನಿಜಕ್ಕೂ ನಿಂತಿರುವುದು ಕಾವಲುಗಾರನ ದನಿ.

ವೆಲ್ಲೂರಿನ ಪಾಠ

ಈ ಕಾವಲುಗಾರನ ಬೆಲೆಯನ್ನು ವೈದ್ಯಲೋಕ ಕಲಿತದ್ದರ ಹಿಂದೆ ಇನ್ನೊಂದು ಕಾಯಿಲೆಯ ಕಥೆಯಿದೆ. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವೈದ್ಯಕೀಯ ಓದಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗ ಬಂದರೆ ಕೈಕಾಲಿನ ಮಾಂಸ ತಾನಾಗಿಯೇ ಕೊಳೆತು ಬೆರಳು ಉದುರುತ್ತವೆ ಎಂದು ಆಗ ಜನ ನಂಬಿದ್ದರು.

ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರ್ಯಾಂಡ್ ಹೆಣಗುತ್ತಿದ್ದಾಗ, ಕುಷ್ಠವಿದ್ದ ಹತ್ತು ವರ್ಷದ ಬಡಕಲು ಹುಡುಗನೊಬ್ಬ ಮುಂದೆ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿಬಿಟ್ಟ. ನೆಲದ ಮೇಲೆ ರಕ್ತದ ಹನಿ ಬಿತ್ತು. ನೋಡಿದರೆ ಹುಡುಗನ ಬೆರಳು ಮೂಳೆ ಕಾಣುವಷ್ಟು ಸೀಳಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ! ನೋವು ‘ಸಾಕು, ನಿಲ್ಲಿಸು’ ಎನ್ನದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮಾಂಸ ತಾನಾಗಿ ಕೊಳೆಯುತ್ತಿಲ್ಲ, ನೋವು ಇಲ್ಲದ್ದರಿಂದ ಪೆಟ್ಟು ಬೀಳುತ್ತಲೇ ಇದೆ. ಪೆಟ್ಟು ತಪ್ಪಿಸಿದರೆ ಇವರ ಗಾಯವೂ ಮಾಯುತ್ತದೆ ಎಂದು ಬ್ರ್ಯಾಂಡ್ ತೋರಿಸಿಕೊಟ್ಟರು.

1966ರಲ್ಲಿ ಅವರು ಅಮೆರಿಕದ ಲೂಯಿಸಿಯಾನ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಂವೇದನೆ ಕಳೆದುಕೊಂಡ ಮಧುಮೇಹಿಗಳ ಪಾದದಲ್ಲೂ ಅದೇ ಬಗೆಯ ಹುಣ್ಣುಗಳು ಅವರಿಗೆ ಕಂಡವು. ವೆಲ್ಲೂರಿನ ಪಾಠ ಅಲ್ಲಿಯೂ ಫಲ ಕೊಟ್ಟಿತು.

ಒತ್ತಡದ ಲೆಕ್ಕ

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. 60 ಕಿಲೋ ತೂಕದವರು ಒಂಟಿ ಕಾಲಿನಲ್ಲಿ ನಿಂತಾಗ ಭಾರ 100 ಚದರ ಸೆಂಟಿಮೀಟರ್‌ನಲ್ಲಿ ಸಮನಾಗಿ ಹರಡಿದರೆ ಪ್ರತಿ ಚದರ ಸೆಂಟಿಮೀಟರ್‌ಗೆ 600 ಗ್ರಾಂ ಭಾರ ಬೀಳುತ್ತದೆ. ಅದೇ ಭಾರ 10 ಚದರ ಸೆಂಟಿಮೀಟರ್ ಜಾಗಕ್ಕೆ ಬಿದ್ದರೆ 6 ಕಿಲೋ! ಆಣಿ ಬೆಳೆದ ಕಡೆ, ಮೂಳೆ ಉಬ್ಬಿದ ಕಡೆ ಆಗುವುದು ಇದೇ. ನೋವಿದ್ದವರು ಕುಂಟುತ್ತಾ ಆ ಜಾಗಕ್ಕೆ ಬಿಡುವು ಕೊಡುತ್ತಾರೆ. ನೋವಿಲ್ಲದವರು ಹುಣ್ಣಿನ ಮೇಲೆಯೇ ನೆಟ್ಟಗೆ ನಡೆಯುತ್ತಾರೆ. ಬೆಲೆಬಾಳುವ ಮುಲಾಮು ಹಚ್ಚಿ ಹೀಗೆ ನಡೆದರೆ, ಹಸಿ ಸಿಮೆಂಟಿನ ಮೇಲೆ ಲಾರಿ ಓಡಿಸಿದಂತೆ.

ಇದಕ್ಕೆ ಪರಿಹಾರವಾಗಿ ಕಾಲ್ಬೆರಳಿನಿಂದ ಮಂಡಿಯ ಕೆಳಗಿನವರೆಗೆ ಪಾದಕ್ಕೆ ಅಂಟಿಕೊಂಡಂತೆ ಪ್ಲಾಸ್ಟರ್ ಹಾಕುವ ಪದ್ಧತಿಯಿದೆ. ಭಾರ ಇಡೀ ಪಾದಕ್ಕೂ ಕಾಲಿಗೂ ಹಂಚಿಹೋಗಿ ಹುಣ್ಣಿಗೆ ಬಿಡುವು ಸಿಗುತ್ತದೆ. ಭಾರತ, ಶ್ರೀಲಂಕಾಗಳಲ್ಲಿ ಕುಷ್ಠರೋಗಿಗಳಿಗೆ ಬಳಸುತ್ತಿದ್ದ ಈ ಪದ್ಧತಿಯನ್ನು ಅಮೆರಿಕಕ್ಕೆ ಒಯ್ದವರು ಬ್ರ್ಯಾಂಡ್. ಈಗ ಪಾದದ ಭಾರ ಇಳಿಸಲು ಬಿಚ್ಚಿ ಹಾಕುವ ಬೂಟುಗಳೂ ಬಂದಿವೆ. ಕುಷ್ಠರೋಗಿಗಳಿಗೆಂದು ವೆಲ್ಲೂರಿನಲ್ಲಿ ಬಳಕೆಗೆ ಬಂದ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಯನ್ನು ಇಂದು ಮಧುಮೇಹಿಗಳೂ ಮೆಟ್ಟುತ್ತಿದ್ದಾರೆ.

ಆದರೆ ಪ್ಲಾಸ್ಟರ್ ಎಲ್ಲರಿಗೂ ಹೊಂದುವುದಿಲ್ಲ. ವೈದ್ಯರು ಮೊದಲು ಪಾದದ ನಾಡಿ ನೋಡಿ ರಕ್ತ ಸಂಚಾರ ಸಾಕಷ್ಟಿದೆಯೇ ಎಂದು ತಿಳಿಯುತ್ತಾರೆ. ಇಲ್ಲದಿದ್ದರೆ ಕಟ್ಟಿದ ರಕ್ತನಾಳವನ್ನು ತೆರೆಯುವ ಚಿಕಿತ್ಸೆ ಬೇಕಾಗಬಹುದು. ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುತ್ತಾರೆ, ನಂಜೇರಿದ್ದರೆ ಆ್ಯಂಟಿಬಯೋಟಿಕ್ ಕೊಡುತ್ತಾರೆ, ರಕ್ತದ ಸಕ್ಕರೆಯನ್ನು ಹತೋಟಿಗೆ ತರುತ್ತಾರೆ. ಗಾಯಕ್ಕೆ ಕಾಫಿಪುಡಿ ಮೆತ್ತುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಬಿಸಿನೀರಿನಲ್ಲಿ ಕಾಲು ಅದ್ದಿ ಕೂರುವುದು ಇವೆಲ್ಲ ಕಾಲಿಗೇ ಕುತ್ತು ತಂದಾವು. ಪಾದ ಕೆಂಪಾಗಿ ಊದಿದರೆ, ಕೀವು ಅಥವಾ ವಾಸನೆ ಬಂದರೆ, ಕಪ್ಪಾದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಾಲು ಉಳಿಯುವುದೋ ಕತ್ತರಿಸಬೇಕಾಗುವುದೋ ಎಂಬುದು ಎಷ್ಟೋ ಸಲ ಆ ಒಂದೆರಡು ದಿನಗಳಲ್ಲೇ ತೀರ್ಮಾನವಾಗುತ್ತದೆ.

ಮಕ್ಕಳು ಮಾಡಬಹುದಾದ ಪರೀಕ್ಷೆ

ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳುವುದು ಕಷ್ಟ, ಕಣ್ಣೂ ಮಂಜು. ಈ ಕೆಲಸಕ್ಕೆ ಮನೆಯ ಮಕ್ಕಳೇ ಸರಿ. ದಿನಕ್ಕೊಮ್ಮೆ ಅಜ್ಜ ಅಜ್ಜಿಯರ ಅಂಗಾಲು, ಬೆರಳ ಸಂದು, ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಬೇಕು. ಚಪ್ಪಲಿ, ಬೂಟುಗಳ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಸ್ನಾನದ ನೀರಿನ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಬೇಕು. ಬೇಸಿಗೆಯಲ್ಲಿ ದೇವಸ್ಥಾನದ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ. ಬೆಳಗಿನ ತಂಪಿನಲ್ಲಿ ಹೋಗಿಬಂದರಾಯಿತು.

ಸ್ಪರ್ಶಜ್ಞಾನ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಹಿರಿಯರು ಕಣ್ಣು ಮುಚ್ಚಿಕೊಳ್ಳಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ಒಂದೊಂದಾಗಿ, ಒತ್ತದೆ, ಒಂದೆರಡು ಸೆಕೆಂಡು ಮಾತ್ರ ಮುಟ್ಟಬೇಕು. ಮುಟ್ಟಿದ್ದು ತಿಳಿದಾಗ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ನರಗಳು ಸೋತಿವೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು. ಇದಕ್ಕೆ ಉಪಕರಣ ಬೇಡ, ಖರ್ಚಿಲ್ಲ, ಎರಡು ನಿಮಿಷ ಸಾಕು. ಅಜ್ಜನ ಪಾದ ಹೇಳಲಾರದ್ದನ್ನು ಮೊಮ್ಮಗಳ ಬೆರಳು ಹೇಳಬಲ್ಲದು.