ಕಲ್ಲಿನಡಿ ಕೂರುವ ಸಿಂಕ್

ಅಡುಗೆ ಕಟ್ಟೆಯ ಕಲ್ಲಿಗೆ ಸಿಂಕ್ ಕೂರಿಸುವ ಕ್ರಮ ಮುಖ್ಯವಾಗಿ ಎರಡು. ಕಲ್ಲಿನಲ್ಲಿ ಕೊಯ್ದ ಕಿಂಡಿಯೊಳಕ್ಕೆ ಮೇಲಿನಿಂದ ಇಳಿಸಿ, ಸಿಂಕಿನ ಅಂಚು ಕಲ್ಲಿನ ಮೇಲೆ ಕೂರುವಂತೆ ಬಿಡುವುದು ಹಳೆಯ ರೂಢಿ. ಅಂಚನ್ನು ಕಲ್ಲಿನ ತಳಭಾಗಕ್ಕೆ ಒತ್ತಿ ಕೆಳಗಿನಿಂದ ಬಿಗಿಯುವುದಕ್ಕೆ ಅಂಡರ್‌ಮೌಂಟ್ ಎಂಬ ಹೆಸರೇ ಅಂಗಡಿಗಳಲ್ಲೂ ಕೆಲಸಗಾರರ ಬಾಯಲ್ಲೂ ನಿಂತಿದೆ. ಮೇಲೆ ಕೂರುವ ಸಿಂಕಿನ ಸುತ್ತ ಸ್ಟೀಲಿನ ಪಟ್ಟಿ ಎದ್ದಿರುತ್ತದೆ. ಚೆಲ್ಲಿದ ನೀರು ಅದರಾಚೆಯೇ ನಿಲ್ಲುತ್ತದೆ, ಪಟ್ಟಿಯ ಬುಡದಲ್ಲಿ ಕ್ರಮೇಣ ಕಪ್ಪು ಗೆರೆ ಕಟ್ಟುತ್ತದೆ. ಕಲ್ಲಿನಡಿ ಕೂರುವ ಸಿಂಕಿನಲ್ಲಿ ಆ ತಡೆ ಇಲ್ಲ. ಚೆಲ್ಲಿದ ದೋಸೆ ಹಿಟ್ಟು, ತೊಳೆದ ಸೊಪ್ಪಿನ ನೀರು, ಕಾಯಿತುರಿ ಎಲ್ಲವನ್ನೂ ಬಟ್ಟೆಯಿಂದ ಒಂದೇ ಸಲಕ್ಕೆ ಒಳಗೆ ಬಳಿದುಬಿಡಬಹುದು. ಈ ಅನುಕೂಲ ಪುಕ್ಕಟೆಯಾಗಿ ಸಿಗುವುದಿಲ್ಲ. ಕಲ್ಲಿನ ಕೊಯ್ದ ಅಂಚು ಕಣ್ಣಿಗೆ ಬೀಳುವುದರಿಂದ ಅದಕ್ಕೆ ಮೇಲ್ಮೈಯಷ್ಟೇ ಪಾಲಿಶ್ ಬೇಕಾಗುತ್ತದೆ. ಮೇಲೆ ಆಧಾರವಿಲ್ಲದ ಸಿಂಕನ್ನು ಬೇರೇನಾದರೂ ಹೊರಬೇಕಾಗುತ್ತದೆ.

ಹೊರಬೇಕಾದ ಭಾರ ಎಷ್ಟು ಎಂಬುದನ್ನು ಮನೆಯವರು ಸಾಮಾನ್ಯವಾಗಿ ಲೆಕ್ಕ ಹಾಕುವುದಿಲ್ಲ. ಒಳ ಅಳತೆ 22 ಇಂಚು ಉದ್ದ, 16 ಇಂಚು ಅಗಲ, 9 ಇಂಚು ಆಳ ಇರುವ ಒಂದೇ ಬಟ್ಟಲಿನ ಸಿಂಕನ್ನು ಕಂಠಮಟ್ಟ ತುಂಬಿದರೆ ಸುಮಾರು 52 ಲೀಟರ್ ನೀರು ಹಿಡಿಯುತ್ತದೆ. ಎಂದರೆ ನೀರಿನ ತೂಕವೇ 52 ಕಿಲೋ. ಸಿಂಕಿನ ಸ್ವಂತ ತೂಕ, ನೆನೆಸಿಟ್ಟ ಕುಕ್ಕರು, ಇಡ್ಲಿ ಪಾತ್ರೆ, ಬಾಣಲೆಗಳನ್ನು ಸೇರಿಸಿದರೆ 60 ಕಿಲೋ ದಾಟುತ್ತದೆ. ಹಬ್ಬದ ಮರುದಿನ ಅಷ್ಟು ಭಾರ ಬೀಳದ ಮನೆ ಕಡಿಮೆ. ಇಷ್ಟನ್ನು ಅಂಟು ಒಂದೇ ವರ್ಷಗಟ್ಟಲೆ ತಡೆಯಲಿ ಎಂದು ಬಿಡುವುದು ತಪ್ಪು. ಸಿಲಿಕೋನ್ ಇರುವುದು ನೀರು ಸೋರದಂತೆ ತಡೆಯಲು. ಭಾರ ಹೊರುವುದು ಕ್ಲಿಪ್, ಆಂಗಲ್ ಅಥವಾ ಚೌಕಟ್ಟಿನ ಕೆಲಸ. ಕಳಚಿ ಬಿದ್ದ ಸಿಂಕುಗಳ ಹಿಂದೆ ಹೆಚ್ಚಾಗಿ ಈ ಎರಡು ಕೆಲಸಗಳನ್ನು ಒಂದೇ ಎಂದುಕೊಂಡದ್ದೇ ಇರುತ್ತದೆ.

ಸಿಂಕ್ ಹೇಗೆ ನಿಲ್ಲುತ್ತದೆ ಎಂಬುದು ಕಟ್ಟೆ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಕರ್ನಾಟಕದ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು ಕಡಪ ಕಲ್ಲಿನ ಕಟ್ಟೆ. ಇಟ್ಟಿಗೆ ಗೋಡೆ ಅಥವಾ ನಿಲ್ಲಿಸಿದ ಕಡಪದ ಮೇಲೆ ಅಡ್ಡ ಕಡಪ, ಅದರ ಮೇಲೆ ಸಿಮೆಂಟ್ ಗಾರೆ, ಗಾರೆಯ ಮೇಲೆ ಗ್ರಾನೈಟ್. ಇಲ್ಲಿ ಮೇಸ್ತ್ರಿಗಳಿಗೆ ಸುಲಭವಾದ ದಾರಿಯೊಂದಿದೆ: ಕಡಪದ ಕಿಂಡಿಯನ್ನು ಬಟ್ಟಲು ಇಳಿಯುವಷ್ಟೇ ಕೊಯ್ದು, ಸಿಂಕಿನ ಅಂಚನ್ನು ಕಡಪದ ಮೇಲೆ ಕೂರಿಸಿ, ಮೇಲೆ ಗಾರೆ ಹಾಕಿ ಗ್ರಾನೈಟ್ ಮುಚ್ಚಿಬಿಡುವುದು. ಭಾರ ಹೊರುವ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದುದಿಲ್ಲ. ಆದರೆ ಸಿಂಕ್ ಎರಡು ಕಲ್ಲುಗಳ ನಡುವೆ ಹೂತುಹೋಗುತ್ತದೆ. ತೂತು ಬಿದ್ದರೂ ತುಕ್ಕು ಹಿಡಿದರೂ ಗ್ರಾನೈಟ್ ಒಡೆಯದೆ ಅದನ್ನು ಹೊರತೆಗೆಯಲು ಆಗದು. ಗ್ರಾನೈಟ್ ಎಷ್ಟೋ ದಶಕ ಬಾಳುತ್ತದೆ, ಸಿಂಕಿಗೆ ಅಷ್ಟು ಆಯಸ್ಸಿಲ್ಲ. ಹೊಸದಾಗಿ ಕಟ್ಟಿಸುವವರು ಕಡಪದ ಕಿಂಡಿಯನ್ನು ಸಿಂಕಿನ ಹೊರ ಅಂಚಿಗಿಂತ ಅರ್ಧ ಇಂಚು ದೊಡ್ಡದಾಗಿ ಕೊಯ್ಯಿಸಿ, ಸಿಂಕನ್ನು ಕೆಳಗಿನಿಂದ ಎತ್ತಿ ಗ್ರಾನೈಟಿಗೆ ತಾಗಿಸಿ, ಅಡಿಯಲ್ಲಿ ಕಬ್ಬಿಣದ ಎಲ್ ಆಂಗಲ್ ಕೊಡಿಸುವುದು ಒಳ್ಳೆಯದು. ಸ್ವಲ್ಪ ಹೆಚ್ಚು ಕೆಲಸ, ಆದರೆ ಮುಂದೊಂದು ದಿನ ಸಿಂಕ್ ಮಾತ್ರ ಇಳಿಸಿ ಬದಲಾಯಿಸಬಹುದು. ಮಾಡ್ಯುಲರ್ ಅಡುಗೆಮನೆಯಲ್ಲಿ ಕಡಪ ಇರುವುದಿಲ್ಲ. ಗ್ರಾನೈಟ್ ನೇರವಾಗಿ ಪ್ಲೈವುಡ್ ಪೆಟ್ಟಿಗೆಗಳ ಮೇಲೆ ಕೂರುತ್ತದೆ. ಅಲ್ಲಿ ಪೆಟ್ಟಿಗೆಯ ಎರಡು ಬದಿಗಳಿಗೆ ಸ್ಕ್ರೂ ಹೊಡೆದು ಅಡ್ಡಪಟ್ಟಿಗಳನ್ನು ಕೊಟ್ಟು ಸಿಂಕನ್ನು ಹೊರಿಸುತ್ತಾರೆ.

ಕಲ್ಲಿನ ಮಾತು. ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವುದೆಲ್ಲ ಭೂವಿಜ್ಞಾನದ ಪ್ರಕಾರ ಗ್ರಾನೈಟ್ ಅಲ್ಲ. ಇಳಕಲ್ಲಿನ ಕೆಂಪು ಕಲ್ಲು ಗ್ರಾನೈಟೇ. ಚಾಮರಾಜನಗರದ ಹೆಸರಾಂತ ಕಪ್ಪು ಕಲ್ಲು ಡಾಲರೈಟ್ ಎಂಬ ಬೇರೆ ಜಾತಿಯದು. ಸಿಂಕ್ ಕೂರಿಸುವವರಿಗೆ ಈ ವ್ಯತ್ಯಾಸದಿಂದ ಉಪಯೋಗವಿದೆ. ನುಣ್ಣನೆಯ ಹರಳಿನ ಕಪ್ಪು ಕಲ್ಲಿನ ಅಂಚು ಕೊಯ್ಯುವಾಗ ಕಡಿಮೆ ಚಕ್ಕೆ ಏಳುತ್ತದೆ. ದೊಡ್ಡ ಹರಳಿನ ಕಲ್ಲುಗಳಲ್ಲಿ ಹರಳುಹರಳಾಗಿಯೇ ಕಿತ್ತು ಬರುವುದುಂಟು. ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಎಂದು ಮಾರುವವರೂ ಇದ್ದಾರೆ. ಬಿಳಿ ಬಟ್ಟೆಗೆ ಅಸಿಟೋನ್ ಅದ್ದಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಅನುಮಾನಪಡಬೇಕು. ಅಂಥ ಕಲ್ಲನ್ನು ಕೊಯ್ದಾಗ ಅಂಚು ಮೇಲ್ಮೈಯ ಬಣ್ಣಕ್ಕೆ ಹೊಂದದೆ ಹೋಗಬಹುದು. ಮೇಲೆ ಕೂರುವ ಸಿಂಕಿನಲ್ಲಿ ಈ ಗುಟ್ಟು ಪಟ್ಟಿಯಡಿ ಅಡಗಿರುತ್ತಿತ್ತು.

ಯಾವ ಜಾತಿಯ ಕಲ್ಲಾದರೂ ಸ್ವಭಾವ ಒಂದೇ: ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. 18 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ಸಿಂಕಿನ ಕಿಂಡಿ ಕೊಯ್ದ ಮೇಲೆ ಮುಂದುಗಡೆ ಉಳಿಯುವುದು ಎರಡು ಮೂರು ಇಂಚಿನ ಪಟ್ಟಿ ಮಾತ್ರ. ಹಾಗೆ ಕೊಯ್ದ ಕಲ್ಲನ್ನು ಅಡ್ಡಡ್ಡ ಹಿಡಿದು ಎತ್ತಿದರೆ ಆ ಪಟ್ಟಿ ಎರಡಾಗುವುದು ಖಂಡಿತ ಎಂದೇ ತಿಳಿಯಬೇಕು. ಅನುಭವಸ್ಥರು ಅದನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸುತ್ತಾರೆ, ಪಟ್ಟಿಯುದ್ದಕ್ಕೂ ಮರದ ರೀಪು ಬಿಗಿಯುತ್ತಾರೆ, ಇಲ್ಲವೇ ಕಟ್ಟೆಯ ಮೇಲೆ ಕೂರಿಸಿದ ನಂತರವೇ ಕೊಯ್ಯುತ್ತಾರೆ.

ಇನ್ನು ಸಿಂಕ್. ಒಳ್ಳೆಯದೆಂದು ಹೆಸರಾದದ್ದು 304 ದರ್ಜೆಯ ಸ್ಟೀಲ್. ಇದರಲ್ಲಿ ಕ್ರೋಮಿಯಂ ಶೇ. 18ರಷ್ಟು, ನಿಕ್ಕಲ್ ಶೇ. 8ರಷ್ಟು ಇರುತ್ತದೆ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಉಪ್ಪು, ಹುಳಿ, ಬೋರ್‌ವೆಲ್ ನೀರು ಬೀಳುವಲ್ಲಿ ಅದು ಬೇಗ ಕಲೆಗಟ್ಟುತ್ತದೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತು ಅಂಗಡಿ ಅಂಗಡಿಯಲ್ಲೂ ಕೇಳಿಬರುತ್ತದೆ. ಆದರೆ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಬಗ್ಗಿಸಿ ಒತ್ತಿದ ಮೂಲೆಗಳಲ್ಲಿ 304ಕ್ಕೂ ಅದು ತುಸು ಅಂಟಬಹುದು. ಹಾಗಾಗಿ ಈ ಪರೀಕ್ಷೆಗಿಂತ ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದು ಮೇಲು. ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ; ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್. ಅದಕ್ಕಿಂತ ತೆಳುವಾದದ್ದು ಕೆಳಗಿನಿಂದ ಬಿಗಿಯುವಾಗ ಅಂಚಿನಲ್ಲಿ ಅಲೆಯಂತೆ ಬಾಗುತ್ತದೆ.

ಆಳದ ವಿಷಯದಲ್ಲಿ ಎಚ್ಚರ ಬೇಕು. ಸಿಂಕ್ ಕಲ್ಲಿನಡಿಗೆ ಹೋದಾಗ ಕಲ್ಲಿನ ದಪ್ಪದಷ್ಟು ಅದರ ತಳವೂ ಕೆಳಗಿಳಿಯುತ್ತದೆ. 33 ಇಂಚು ಎತ್ತರದ ಕಟ್ಟೆಯಲ್ಲಿ 10 ಇಂಚು ಆಳದ ಸಿಂಕ್ ಕೂರಿಸಿದರೆ ತಳ ನೆಲದಿಂದ 22 ಇಂಚಿನ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ ಮೂರು ಹೊತ್ತು ಬಗ್ಗಿ ಪಾತ್ರೆ ತೊಳೆಯುವವರ ಸೊಂಟಕ್ಕೆ ಅದು ಗೊತ್ತಾಗುತ್ತದೆ. ಅಂಗಡಿಯಲ್ಲಿ ಆಳವಾದ ಬಟ್ಟಲು ಚೆಂದ ಕಾಣುತ್ತದೆ, ನಿಜ. ಗಿಡ್ಡ ಕಟ್ಟೆಗೆ 8 ಇಂಚೇ ವಾಸಿ.

ಸಿಂಕ್ ಮನೆಗೆ ಬರುವ ಮೊದಲು ಕಲ್ಲಿಗೆ ಯಂತ್ರ ತಾಗಿಸಬಾರದು. ಕ್ಯಾಟಲಾಗಿನ ಅಳತೆಗೂ ಕೈಗೆ ಬಂದ ಸಿಂಕಿಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರಬಹುದು, ಇಲ್ಲಿ ಅಷ್ಟೂ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ಕಾಗದದ ಅಚ್ಚು ಇದ್ದರೆ ಅದನ್ನು ಸಿಂಕಿನ ಮೇಲಿಟ್ಟು ತಾಳೆ ನೋಡಿ ಬಳಸಬೇಕು, ಇಲ್ಲದಿದ್ದರೆ ಸಿಂಕನ್ನೇ ಬೋರಲಾಗಿಟ್ಟು ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಆಗಲೇ ತೀರ್ಮಾನಿಸಬೇಕಾದ ವಿಷಯ ಕಲ್ಲಿನ ಅಂಚು ಎಲ್ಲಿ ನಿಲ್ಲಬೇಕು ಎಂಬುದು. ಕಲ್ಲನ್ನು ಸಿಂಕಿನ ಗೋಡೆಗಿಂತ ಒಳಕ್ಕೆ ಚಾಚಿದರೆ ಕೂಡಿಕೆ ಮರೆಯಾಗುತ್ತದೆ, ಆದರೆ ಆ ಮರೆಯಲ್ಲೇ ಲೋಳೆ, ಬೂಷ್ಟು ಬೆಳೆದು ಉಜ್ಜಲು ಸಿಗುವುದಿಲ್ಲ. ಸಿಂಕಿನ ಅಂಚು ತುಸು ಕಾಣುವಂತೆ ಹಿಂದಕ್ಕೆ ಕೊಯ್ದರೆ ಶುಚಿಗೊಳಿಸುವುದು ಸುಲಭ, ನೋಟಕ್ಕೆ ಸ್ಟೀಲಿನ ಸಣ್ಣ ಗೆರೆ ಕಾಣುತ್ತದೆ. ಎರಡೂ ಸರಿಸಮ ಬರಲಿ ಎಂದು ಬಯಸುವವರೇ ಹೆಚ್ಚು. ಕೈಯಲ್ಲಿ ಕೊಯ್ಯುವ ಕೆಲಸದಲ್ಲಿ ಅದು ನಾಲ್ಕೂ ಬದಿ ಸಮವಾಗಿ ಬರುವುದು ಕಷ್ಟ. ಎರಡು ಮೂರು ಮಿಲಿಮೀಟರ್ ಅಂಚು ಕಾಣುವಂತೆ ಬಿಡುವುದೇ ನಮ್ಮ ಪಾತ್ರೆ ತೊಳೆಯುವ ರೀತಿಗೆ ಹೊಂದುವ ಆಯ್ಕೆ.

24 ಇಂಚು ಅಗಲದ ಕಟ್ಟೆಯಲ್ಲಿ 16 ಇಂಚಿನ ಕಿಂಡಿ ಕೊಯ್ದರೆ ಉಳಿಯುವುದು 8 ಇಂಚು. ಮುಂದೆ 3, ಹಿಂದೆ 5 ಎಂದು ಹಂಚಿದರೆ ಹಿಂದಿನ ಜಾಗದಲ್ಲಿ ನಲ್ಲಿಯ ತೂತಿಗೂ ಅದರ ಹಿಂದೆ ಒರೆಸಲು ಕೈ ಹೋಗುವುದಕ್ಕೂ ಅವಕಾಶ ಸಿಗುತ್ತದೆ. ಕಟ್ಟೆಯ ಮೇಲೆ ನಿಲ್ಲುವ ನಲ್ಲಿಗೆ ಸಾಮಾನ್ಯವಾಗಿ 35 ಮಿಲಿಮೀಟರ್ ತೂತು ಬೇಕು.

ಕೊಯ್ಯುವ ಕೆಲಸ ಮೂಲೆಗಳಿಂದ ಶುರುವಾಗಬೇಕು. ಮೊದಲು ನಾಲ್ಕು ಮೂಲೆಗಳಲ್ಲೂ ಡೈಮಂಡ್ ಕೋರ್ ಬಿಟ್ಟಿನಿಂದ ದುಂಡನೆಯ ತೂತು ಕೊರೆದು, ಆ ತೂತುಗಳನ್ನು ಸೇರಿಸುವಂತೆ ನೇರ ಗೆರೆ ಕೊಯ್ಯುವುದು ಸರಿಯಾದ ಕ್ರಮ. ಅವಸರದವರು ದುಂಡು ತೂತು ಬಿಟ್ಟು ಎರಡು ಗೆರೆಗಳನ್ನು ಮೂಲೆಯಲ್ಲಿ ಒಂದನ್ನೊಂದು ದಾಟುವಂತೆ ಹೊಡೆದುಬಿಡುತ್ತಾರೆ. ಗುಂಡಗಿನ ಬ್ಲೇಡು ಕಲ್ಲಿನ ಅಡಿಭಾಗ ಪೂರ್ತಿ ಕತ್ತರಿಸಬೇಕಾದರೆ ಮೇಲ್ಭಾಗದಲ್ಲಿ ಗೆರೆ ದಾಟಲೇಬೇಕಾಗುತ್ತದೆ. ಹೀಗೆ ಉಳಿದ ಕೂದಲೆಳೆಯ ಗಾಯದಲ್ಲಿ ಒತ್ತಡ ಒಟ್ಟುಗೂಡುತ್ತದೆ. ಯಾರೋ ಕಟ್ಟೆಯ ಮೇಲೆ ಕೈಯೂರಿ ಹತ್ತಿದಾಗಲೋ, ಭಾರದ ಪಾತ್ರೆ ಕುಕ್ಕಿದಾಗಲೋ ಬಿರುಕು ಅಲ್ಲಿಂದಲೇ ಹೊರಟು ಮುಂದಿನ ಅಂಚಿನವರೆಗೆ ಓಡುತ್ತದೆ.

ನೀರು ಬಿಡುತ್ತಾ ಕೊಯ್ಯುವುದು ಬ್ಲೇಡಿನ ಬಾಳಿಕೆಗಿಂತ ಕೊಯ್ಯುವವರ ಶ್ವಾಸಕೋಶಕ್ಕಾಗಿ. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆ ಸಿಲಿಕಾ. ಅದರ ಕಣ್ಣಿಗೆ ಕಾಣದ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಗುಣವಾಗದ ಸಿಲಿಕೋಸಿಸ್ ಬರುತ್ತದೆ. ಕಾರ್ಖಾನೆಯಲ್ಲಿ ರಾಳ ಸೇರಿಸಿ ತಯಾರಿಸುವ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಪ್ರಮಾಣ ಶೇ. 90 ದಾಟುವುದುಂಟು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಹಲಗೆಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಮುಖಕ್ಕೆ ಟವೆಲ್ ಕಟ್ಟಿಕೊಂಡು ಒಣ ಕಲ್ಲು ಕೊಯ್ಯುವ ಹುಡುಗರು ಇನ್ನೂ ಕಾಣಸಿಗುತ್ತಾರೆ. ಟವೆಲ್ ಆ ದೂಳನ್ನು ತಡೆಯುವುದಿಲ್ಲ. ಒಳ್ಳೆಯ ಮಾಸ್ಕ್, ಯಂತ್ರಕ್ಕೆ ನೀರು, ನೀರಿರುವಲ್ಲಿ ಕರೆಂಟ್ ಸೋರಿದೊಡನೆ ಅದನ್ನು ಕಡಿಯುವ ಇಎಲ್‌ಸಿಬಿ, ಈ ಮೂರನ್ನು ಕೆಲಸ ಕೊಡುವ ಮನೆಯವರೇ ಕೇಳಿ ಮಾಡಿಸಬೇಕು.

ಕೊಯ್ದ ಅಂಚು ಬೂದುಬಣ್ಣಕ್ಕೆ ತಿರುಗಿ ಒರಟಾಗಿರುತ್ತದೆ. ಅದನ್ನು 50ನೇ ನಂಬರಿನ ಡೈಮಂಡ್ ಪ್ಯಾಡಿನಿಂದ ಶುರುಮಾಡಿ 100, 200, 400, 800, 1500, 3000 ಎಂದು ಏರುತ್ತಾ ಉಜ್ಜುತ್ತಾರೆ. ನಡುವೆ ಒಂದು ನಂಬರ್ ಹಾರಿಸಿದರೆ ಹಿಂದಿನ ಪ್ಯಾಡಿನ ಗೀರು ಕೊನೆಯವರೆಗೂ ಉಳಿಯುತ್ತದೆ. ಕಪ್ಪು ಕಲ್ಲಿನಲ್ಲಂತೂ ಅದು ಕಿಟಕಿಯ ಬೆಳಕಿಗೆ ಎದ್ದು ಕಾಣುತ್ತದೆ. ಮೇಲಿನ ಚೂಪು ಅಂಚನ್ನು ಸ್ವಲ್ಪ ದುಂಡಗೆ ಮಾಡಿಸಲೇಬೇಕು; ಚೂಪಾಗಿ ಬಿಟ್ಟರೆ ಕುಕ್ಕರಿನ ತಳ ತಾಗಿದಾಗೆಲ್ಲ ಚಕ್ಕೆ ಏಳುತ್ತದೆ.

ಈಗ ಕೂರಿಸುವ ಸರದಿ. ಕಲ್ಲಿನ ತಳಭಾಗದಲ್ಲಿ ಕೊಯ್ದಾಗಿನ ಕೆಸರು ಒಣಗಿ ಹಿಟ್ಟಿನಂತೆ ಅಂಟಿರುತ್ತದೆ. ಅದರ ಮೇಲೆ ಹಚ್ಚಿದ ಸಿಲಿಕೋನ್ ಹಿಡಿಯುವುದು ಕಲ್ಲನ್ನಲ್ಲ, ಆ ಹಿಟ್ಟನ್ನು. ಆದ್ದರಿಂದ ತೊಳೆದು, ಪೂರ್ತಿ ಒಣಗಿಸಿ, ಕಲ್ಲನ್ನೂ ಸಿಂಕಿನ ಅಂಚನ್ನೂ ಸ್ಪಿರಿಟ್ಟಿನಿಂದ ಒರೆಸಬೇಕು. ಕ್ಲಿಪ್ಪಿನ ಬೋಲ್ಟ್‌ಗಳಿಗೆ ಕಲ್ಲಿನ ತಳದಲ್ಲಿ 10 ಮಿಲಿಮೀಟರಿಗಿಂತ ಆಳವಾಗದಂತೆ ತೂತು ಕೊರೆದು ಎಪಾಕ್ಸಿಯಲ್ಲಿ ನೆಡುತ್ತಾರೆ. ಸುತ್ತಿಗೆ ಹೊಡೆತದ ಡ್ರಿಲ್ ಇಲ್ಲಿ ಸಲ್ಲದು, ಕಲ್ಲಿನ ಮೇಲ್ಮೈ ಹಾರಿಹೋಗಬಹುದು. ಸಿಲಿಕೋನಿನಲ್ಲಿ ವಿನೆಗರ್ ವಾಸನೆಯದನ್ನು ಬಿಟ್ಟು, ನ್ಯೂಟ್ರಲ್ ಎಂದು ಬರೆದಿರುವ, ಕಲ್ಲಿಗೆ ಹೊಂದುವ, ಬೂಷ್ಟು ತಡೆಯುವ ಬಗೆ ಆರಿಸಬೇಕು. ಕಲ್ಲಿಗಾಗಿ ಮಾಡಿರದ ಸಿಲಿಕೋನಿನ ಎಣ್ಣೆ ತಿಳಿಬಣ್ಣದ ಗ್ರಾನೈಟಿಗೆ ಇಳಿದು ಕಲೆ ಮಾಡಬಹುದು.

ಸಿಂಕಿನ ಅಂಚಿನ ಸುತ್ತ ಎಲ್ಲೂ ಕಡಿಯದಂತೆ ಸಿಲಿಕೋನ್ ಗೆರೆ ಎಳೆದು, ಒಬ್ಬರು ಕೆಳಗಿನಿಂದ ಎತ್ತಿ ಹಿಡಿದಾಗ ಇನ್ನೊಬ್ಬರು ಮೇಲಿನಿಂದ ನಾಲ್ಕೂ ಬದಿ ಸಮ ಇದೆಯೇ ಎಂದು ನೋಡುತ್ತಾರೆ. ಕಿಂಡಿಯ ಮೇಲೆ ಅಡ್ಡ ಹಲಗೆಯಿಟ್ಟು, ನೀರು ಹೋಗುವ ತೂತಿನ ಮೂಲಕ ಉದ್ದ ಕ್ಲಾಂಪ್ ತೂರಿಸಿ ಬಿಗಿದರೆ ಸಿಂಕ್ ಮೇಲಕ್ಕೆ ಎಳೆದು ನಿಲ್ಲುತ್ತದೆ. ಆಮೇಲೆ ಕ್ಲಿಪ್ಪುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಂದನ್ನೇ ಪೂರ್ತಿ ಬಿಗಿದರೆ ಎದುರು ಬದಿ ಬಾಯಿ ಬಿಡುತ್ತದೆ. ಒಳಕ್ಕೆ ಉಕ್ಕಿದ ಸಿಲಿಕೋನನ್ನು ಸೋಪು ನೀರಲ್ಲಿ ಅದ್ದಿದ ಬೆರಳಿನಿಂದ ಒಂದೇ ಎಳೆತದಲ್ಲಿ ಒರೆಸಿದರೆ ಕೂಡಿಕೆ ನಯವಾಗುತ್ತದೆ. ಅಡಿಯ ಆಂಗಲ್ ಅಥವಾ ಪಟ್ಟಿಗಳನ್ನು ಸಿಂಕಿನ ತಳಕ್ಕೆ ರಬ್ಬರ್ ತುಂಡು ಕೊಟ್ಟು ತಾಗಿಸುವುದು ಆಮೇಲಿನ ಕೆಲಸ. ಸಿಲಿಕೋನ್ ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವುದರಿಂದ ಕನಿಷ್ಠ 24 ಗಂಟೆ ನಲ್ಲಿ ತಿರುಗಿಸಬಾರದು, ಕ್ಲಾಂಪ್ ತೆಗೆಯಬಾರದು. ಪ್ಲಂಬರ್ ಅದೇ ಸಂಜೆ ಬಂದು ನಿಂತರೂ ಕಾಯಿಸಬೇಕು.

ಪ್ಲಂಬರಿನ ಭಾಗ ಚಿಕ್ಕದು. ವೇಸ್ಟ್ ಕಪ್ಲಿಂಗ್, ಬಾಟಲ್ ಟ್ರ್ಯಾಪ್, ಆಂಗಲ್ ಕಾಕ್. ನೋಡಿಕೊಳ್ಳಬೇಕಾದದ್ದು ಗೋಡೆಯ ಪೈಪಿನ ಎತ್ತರ. ಹಳೆಯ ಸಿಂಕಿಗೆ ಹೊಂದಿದ್ದ ಪೈಪಿನ ಬಾಯಿ ಹೊಸ ಸಿಂಕ್ ಕೆಳಗಿಳಿದ ಮೇಲೆ ಟ್ರ್ಯಾಪಿಗಿಂತ ಮೇಲಾಗಿಬಿಡಬಹುದು. ಆಗ ನೀರು ಪೂರ್ತಿ ಇಳಿಯದೆ ಸಿಂಕಿನ ತಳದಲ್ಲೇ ನಿಲ್ಲುತ್ತದೆ. ಇದನ್ನು ಕಲ್ಲು ಕೊಯ್ಯುವ ಮೊದಲೇ ಅಳೆದಿರಬೇಕು. ಜೋಡಣೆ ಮುಗಿದ ಮೇಲೆ ಕಂಠಮಟ್ಟ ನೀರು ತುಂಬಿ ಕೆಲವು ಗಂಟೆ ಬಿಟ್ಟು, ಕಲ್ಲಿನಡಿಯ ಕೂಡಿಕೆಯ ಸುತ್ತ ಒಣ ಟಿಶ್ಯೂ ಒತ್ತಿ ನೋಡಿದರೆ ಸೋರಿಕೆ ಇದ್ದದ್ದು ತಿಳಿಯುತ್ತದೆ. ಪೂರ್ತಿ ಭಾರ ಬಿದ್ದಾಗ ಸಿಂಕ್ ಕುಸಿಯುತ್ತದೆಯೇ ಎಂಬುದಕ್ಕೂ ಇದೇ ಪರೀಕ್ಷೆ.

ಗಡಸು ನೀರಿನ ಊರುಗಳಲ್ಲಿ ಕೂಡಿಕೆಯ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ರಾತ್ರಿ ಒಮ್ಮೆ ಒರೆಸಿ ಒಣಗಿಸಿದರೆ ಅದು ತೊಂದರೆ ಕೊಡದು. ಬಾತ್‌ರೂಮಿಗೆ ಹಾಕುವ ಆಸಿಡ್ ತಂದು ಸುರಿದರೆ ಸ್ಟೀಲೂ ಕೆಡುತ್ತದೆ, ಅಡಿಯ ಕಡಪ ಸುಣ್ಣಕಲ್ಲಾದ್ದರಿಂದ ಅದನ್ನೂ ತಿನ್ನುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದರೆ ಅದೇ ಕಲ್ಲಿನ ಪುಡಿ ಕಲಸಿದ ಎಪಾಕ್ಸಿ ತುಂಬಿ ಉಜ್ಜಿಸಬಹುದು. ಸಿಲಿಕೋನ್ ಕಪ್ಪಾಗಿ ಎದ್ದರೆ ಬ್ಲೇಡಿನಿಂದ ಕೆರೆದು, ಒಣಗಿಸಿ, ಹೊಸದು ಎಳೆಯಬೇಕು. ಹಳೆಯದರ ಮೇಲೆಯೇ ಎಳೆದದ್ದು ನಿಲ್ಲುವುದಿಲ್ಲ. ಸಿಂಕನ್ನೇ ಬದಲಾಯಿಸುವ ಕಾಲ ಬಂದಾಗ ಟ್ರ್ಯಾಪ್ ಕಳಚಿ, ಕೆಳಗಿನಿಂದ ಆಸರೆ ಕೊಟ್ಟು, ಕ್ಲಿಪ್ ಮತ್ತು ಪಟ್ಟಿಗಳನ್ನು ಬಿಚ್ಚಿ, ತೆಳು ಬ್ಲೇಡಿನಿಂದ ಸಿಲಿಕೋನನ್ನು ಸುತ್ತಲೂ ಕತ್ತರಿಸಿದರೆ ಹಳೆಯದು ಕೆಳಗಿಳಿಯುತ್ತದೆ. ಕಲ್ಲಿನ ಕಿಂಡಿಯ ಅಳತೆಯೊಂದನ್ನು ಬರೆದುಕೊಂಡು ಹೋಗಿ ಅದಕ್ಕೆ ಹೊಂದುವ ಹೊಸ ಸಿಂಕ್ ತಂದರಾಯಿತು.